ಗಿಟಾರಿಗೆ ಸಿಕ್ಕ ಗುಡುಗುಡಿ

ಶಿಶುನಾಳ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅವರ ಗುಡುಗುಡಿಯ ಪದ ರಘು ದೀಕ್ಷಿತರ 2008ರ ಧ್ವನಿಮುದ್ರಿಕೆಯಲ್ಲಿ ರಾಕ್ ವಾದ್ಯಗಳೊಡನೆ ಬಂದು ನಗರದ ತರುಣರ ನಾಲಗೆಯ ಮೇಲೆ ನೆಲೆಸಿತು. ಸತ್ತ ಹಾಡಿಗೆ ಜೀವ ಬಂತೆನ್ನುವವರುಂಟು, ನಾನದನ್ನು ಒಪ್ಪಲಾರೆ. ಸಿ. ಅಶ್ವತ್ಥರ ಸಂಗೀತವಿದ್ದ 1990ರ ಚಲನಚಿತ್ರ ಶರೀಫರನ್ನು ಆಗಲೇ ಮನೆಮನೆಗೆ ಮುಟ್ಟಿಸಿತ್ತು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಂತೂ ಏಕತಾರಿಯ ತತ್ತ್ವಪದ ಎಂದೂ ಬಾಡಲಿಲ್ಲ. ನೆರೆಯ ಕಡಕೋಳ ಮಡಿವಾಳಪ್ಪನವರ ಪದಗಳೇ ಇದಕ್ಕೆ ಸಾಕ್ಷಿ.

ಗಿಟಾರು ಪದದ ನಡಿಗೆಗೆ ಹುರುಪು ತುಂಬಿದೆ, ನಿಜ. ಆದರೆ ಈ ಗುಡುಗುಡಿ ಹೊಗೆಯ ಚಟವಲ್ಲ, ಒಳಗಿನ ರೋಗ ಕಳೆಯುವ ಸಾಧನೆಯ ರೂಪಕ. ಭಜನೆಯವರು ನುಡಿ ಮುಗಿಸಿ, ಅರ್ಥ ಬಿಡಿಸಲು ನಿಲ್ಲುವುದುಂಟು. ರಂಗದ ಅಬ್ಬರಕ್ಕೆ ಆ ಬಿಡುವಿಲ್ಲ. ಕುಣಿದ ತರುಣರು ಇನ್ನೊಮ್ಮೆ ಕುಳಿತು ಕೇಳಲಿ.