ತಾಳಗುಪ್ಪದಲ್ಲಿ ಮುಗಿಯುವ ಹಳಿ, ಯುರೋಪಿನ ಮಧುಚಂದ್ರ

ಕನ್ನಡದ ಪ್ರವಾಸ ಕಥನಗಳನ್ನು ಸಾಲಾಗಿ ಇಟ್ಟುಕೊಂಡು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸಮುದ್ರ ದಾಟಿ ಹೋದ ನಮ್ಮ ಲೇಖಕರು ಒಂದೋ ಓದಲು ಹೋದವರು, ಇಲ್ಲವೇ ಬದುಕಿನ ಬಹುಭಾಗ ಕಳೆದ ಮೇಲೆ ಹೋದವರು. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೊರಟರು. ಆ ಕಡಲಪಯಣ 'ಸಮುದ್ರ ಗೀತೆಗಳು' ಸಂಕಲನವಾಯಿತು. ನಮ್ಮದೇ ಜಿಲ್ಲೆಯ ಹೊನ್ನಾವರದವರಾದ ಕೃಷ್ಣಾನಂದ ಕಾಮತರು ಸಂಶೋಧನೆಗೆಂದು ಹೋಗಿ 'ನಾನೂ ಅಮೆರಿಕೆಗೆ ಹೋಗಿದ್ದೆ' ಬರೆದರು. ಶಿವರಾಮ ಕಾರಂತರು 'ಅಪೂರ್ವ ಪಶ್ಚಿಮ'ದ ಯುರೋಪನ್ನು ಸುತ್ತಿದ್ದು ಐವತ್ತರ ಆಸುಪಾಸಿನಲ್ಲಿ. ಎ.ಎನ್. ಮೂರ್ತಿರಾಯರಂತೂ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದು ಶೀರ್ಷಿಕೆಯಲ್ಲೇ ವಯಸ್ಸು ಹೇಳಿಬಿಟ್ಟರು. ನಡುವಿನ ವಯಸ್ಸು ಎಲ್ಲಿ ಹೋಯಿತು? ಹೊಸದಾಗಿ ಮದುವೆಯಾದ ಇಬ್ಬರು, ತಮ್ಮದೇ ದುಡ್ಡಿನಲ್ಲಿ, ಯಾವ ಸಮ್ಮೇಳನವೂ ಪದವಿಯೂ ಮಗಳ ಬಾಣಂತನವೂ ಇಲ್ಲದೆ, ಸುಮ್ಮನೆ ಜೊತೆಯಾಗಿರಲು ಹೊರದೇಶಕ್ಕೆ ಹೋದ ಕಥನ ನಮ್ಮಲ್ಲಿ ಬಹಳ ಅಪರೂಪ.

ಬದುಕಿನಲ್ಲಿ ಅದು ಅಪರೂಪವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆಮನೆಗಳ ಪಂಕ್ತಿಯಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಒಂದು ಮಾತಿದೆ: 'ಹನಿಮೂನಿಗೆ ಯುರೋಪಡ.' ಹವ್ಯಕ ಮಾತಿನ ಆ 'ಅಡ'ದಲ್ಲಿ 'ಅಂತೆ'ಗಿರುವ ಸಂಶಯವೂ ಇದೆ, ಸಣ್ಣ ಅಸೂಯೆಯೂ ಇದೆ. ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುತ್ತಾರೆ; ಮದುವೆ ಊರಿನಲ್ಲಿ, ಏಪ್ರಿಲ್–ಮೇನಲ್ಲಿ; ವಧೂಪ್ರವೇಶ ಮುಗಿದ ವಾರಕ್ಕೆ ವಿಮಾನ. ಅದರಲ್ಲೂ ಪ್ಯಾಕೇಜ್ ಟೂರು ಬಿಟ್ಟು ರೈಲಿನಲ್ಲಿ ನಾಲ್ಕೈದು ದೇಶ ಸುತ್ತುವವರು ಹೆಚ್ಚುತ್ತಿದ್ದಾರೆ. ಇವರು ಪುಸ್ತಕ ಬರೆಯುವುದಿಲ್ಲ. ಆದರೆ ಹೊರಡುವ ಮೊದಲೇ ಒಂದು ಪಠ್ಯವನ್ನು ಬರೆದಿರುತ್ತಾರೆ. ಅದು ಎಕ್ಸೆಲ್ ಹಾಳೆಯಲ್ಲಿ ಮಾಡಿದ ಪ್ರವಾಸದ ಯೋಜನೆ. ಪ್ರವಾಸ ಸಾಹಿತ್ಯವನ್ನು ಓದುವವರು ಈ ಹಾಳೆಯನ್ನೂ ಓದಬೇಕು ಎಂಬುದು ನನ್ನ ವಾದ.

ನೆಂಟರ, ಗೆಳೆಯರ ಇಂಥ ಮೂರ್ನಾಲ್ಕು ಹಾಳೆಗಳು ನನ್ನ ಕೈಗೆ ಬಂದಿವೆ. ಅವುಗಳಲ್ಲಿ ಒಂದನ್ನು, ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಓದುತ್ತೇನೆ. ಸಿದ್ದಾಪುರದ ಕಡೆಯ ಹುಡುಗಿ, ಯಲ್ಲಾಪುರದ ಕಡೆಯ ಹುಡುಗ. ಹದಿನಾಲ್ಕು ದಿನ: ಪ್ಯಾರಿಸ್, ಜ್ಯೂರಿಕ್, ಮಿಲಾನ್, ವೆನಿಸ್, ವಿಯೆನ್ನಾ, ಪ್ರಾಗ್. ಕಾಲಮ್ಮುಗಳು: ದಿನಾಂಕ, ಊರು, ರೈಲು, ವಸತಿ, ಊಟ, ಖರ್ಚು, ಷರಾ. ಬರೆದದ್ದು ಇಂಗ್ಲಿಷಿನಲ್ಲಿ. ಊಟದ ಕಾಲಮ್ಮಿನಲ್ಲಿ ಮಾತ್ರ ಕನ್ನಡ ಇಣುಕುತ್ತದೆ: 'ಆಯಿ ಕೊಡುವ ಚಟ್ನಿಪುಡಿ', 'ದಪ್ಪ ಅವಲಕ್ಕಿ ಸಾಕು', 'ಇಲ್ಲಿ ಉಪ್ಪಿನಕಾಯಿ ತೆಗೆಯದಿದ್ದರೆ ಒಳ್ಳೆಯದು.' ರೈಲಿನ ಹೆಸರು, ಹೊಟೆಲಿನ ದರ, ನೋಡಬೇಕಾದ ಚರ್ಚು ಎಲ್ಲವೂ ಲೋಕದ ಭಾಷೆಯಲ್ಲಿ; ಹಸಿವು ಮನೆಮಾತಿನಲ್ಲಿ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗಾಗಿಯೇ ನನಗೆ ಅದು ಮುಖ್ಯ. ನಮ್ಮ ಹಳೆಯ ಪ್ರವಾಸ ಕಥನಕಾರರು ಸಸ್ಯಾಹಾರದ ಪಾಡನ್ನು ಹಾಸ್ಯಕ್ಕೆ ಬಳಸಿಕೊಂಡರು. ಇಲ್ಲಿ ಹಾಸ್ಯವಿಲ್ಲ, ಲೆಕ್ಕವಿದೆ.

ಈ ಪಠ್ಯದ ಮೊದಲ ಓದುಗ ಯಾರು? ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ವೀಸಾ ಅಧಿಕಾರಿ. ಷೆಂಗೆನ್ ವೀಸಾಕ್ಕೆ ದಿನದಿನದ ಕಾರ್ಯಕ್ರಮ, ವಸತಿಯ ದಾಖಲೆ, ಬ್ಯಾಂಕಿನ ಲೆಕ್ಕ, ಕಚೇರಿಯ ರಜಾಪತ್ರ, ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ವೆನಿಸಿನಲ್ಲಿ ಎರಡು ರಾತ್ರಿಯೋ ಮೂರು ರಾತ್ರಿಯೋ ಎಂಬುದನ್ನು ಅಲ್ಲಿನ ಸೊಬಗು ನಿರ್ಧರಿಸುವುದಿಲ್ಲ. ಯಾವ ದೇಶದ ಕಚೇರಿಯಲ್ಲಿ ಬೇಗ ದಿನ ಸಿಗುತ್ತದೆ ಎಂಬುದು ನಿರ್ಧರಿಸುತ್ತದೆ. ಪ್ರವಾಸ ಕಥನ ಮರಳುವಿಕೆಯೊಂದಿಗೆ ಮುಗಿಯುವುದು ರೂಢಿ. ಈ ಪಠ್ಯದಲ್ಲಿ ಮರಳುವುದನ್ನು ಹೊರಡುವ ಮೊದಲೇ ಸಾಬೀತು ಮಾಡಬೇಕು. ಅಪ್ಪನ ತೋಟದ ಪಹಣಿ ಪತ್ರವನ್ನೂ ಲಗತ್ತಿಸಿದವರಿದ್ದಾರೆ. ನಾವು ವಾಪಸು ಬರುತ್ತೇವೆ, ಊರಿನಲ್ಲಿ ನಮಗೆ ಅಡಿಕೆ ತೋಟವಿದೆ ಎಂದು ಅದರ ಅರ್ಥ. ಆ ತೋಟಕ್ಕೆ ವಾಪಸು ಬರುವ ವಿಚಾರ ಇಬ್ಬರಿಗೂ ಇಲ್ಲ ಎಂಬುದು ಬೇರೆ ಮಾತು.

ಇನ್ನೊಂದು ಚೋದ್ಯವಿದೆ. ಅರ್ಜಿಯನ್ನು ಹೊರಡುವ ದಿನಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಕೊನೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ಮದುವೆಯಾದ ವಾರಕ್ಕೆ ಹೊರಡುವವರು ಮದುವೆಗೆ ಮೊದಲೇ ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟಿರುತ್ತಾರೆ. ಅರ್ಜಿಯಲ್ಲಿ ಇಬ್ಬರೂ ಅವಿವಾಹಿತರು. ವಸತಿಯ ದಾಖಲೆಯಲ್ಲಿ ಕೋಣೆ ಒಂದೇ. ತಾಳಿ ಕಟ್ಟುವ ಮೊದಲೇ ಇಬ್ಬರೂ ಕೂತು ಒಂದು ಕೋಣೆಯ ಬಾಡಿಗೆ, ಒಂದು ರೈಲಿನ ಎರಡು ಸೀಟು, ಯಾರ ಕಾರ್ಡಿನಿಂದ ಎಷ್ಟು ಎಂದೆಲ್ಲ ಬರೆದುಕೊಳ್ಳುತ್ತಾರೆ. ನಿಶ್ಚಯದಿಂದ ಮದುವೆಯವರೆಗಿನ ಅವಧಿಯಲ್ಲಿ ಹಿರಿಯರ ಎದುರು ಆಡಲಾಗದ ಮಾತುಗಳಿಗೆ ಈ ಹಾಳೆ ಜಾಗ ಮಾಡಿಕೊಟ್ಟಿದೆ. ನಾನು ನೋಡಿದ ಹಾಳೆಯ ಷರಾ ಕಾಲಮ್ಮಿನಲ್ಲಿ ಎರಡು ಬಣ್ಣದ ಅಕ್ಷರಗಳಿವೆ, ಒಂದು ಅವಳದು, ಇನ್ನೊಂದು ಅವನದು. ಜಗಳವೂ ಅಲ್ಲಿಯೇ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನೆನಪಾಗುವುದು ಇಲ್ಲಿ. ಅಂಕೋಲೆಯ ಈ ಲೇಖಕರ ಕಾದಂಬರಿಯಲ್ಲಿ ಹೊಸ ಗಂಡಹೆಂಡಿರು ಮಧುಚಂದ್ರಕ್ಕೆ ಹೋಗುವುದು ಊಟಿಗೆ. ಶೀರ್ಷಿಕೆಯ ಆ ಎರಡು ಶಬ್ದಗಳಿಗೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಹೆಂಡತಿಯ ತವರಿನೊಳಗೆ ಮಾತ್ರ ಚಲಾವಣೆಯಲ್ಲಿದ್ದ ಅವು ಗಂಡನ ಕಿವಿಗೆ ಬೀಳುವುದು ಆ ಊಟಿಯ ಕೋಣೆಯಲ್ಲಿ. ಒಂದು ಮನೆಯ ಗುಟ್ಟಿನ ಮಾತು ಇನ್ನೊಬ್ಬನಿಗೆ ಸಿಕ್ಕಿದ್ದೇ ಮಧುಚಂದ್ರ. ಊಟಿ ಬರೀ ಹಿನ್ನೆಲೆ. ಅದರ ಸರೋವರವೂ ಉದ್ಯಾನವೂ ಕಥೆಗೆ ಬೇಕಿಲ್ಲ. ಯುರೋಪಿನ ಯೋಜನೆಯಲ್ಲಿ ತೂಕ ತಿರುಗಾಮುರುಗಾ ಆಗಿದೆ. ಆರು ಊರು, ಐದು ದೇಶ, ಪ್ರತಿ ತಾಸಿಗೂ ಒಂದು ಕೆಲಸ. ಇಬ್ಬರು ಒಂದು ಕೋಣೆಯಲ್ಲಿ ಗಂಟುಬಿದ್ದ ದಾರವನ್ನು ಬಿಡಿಸುತ್ತ ಕೂರಲು ಹಾಳೆಯಲ್ಲಿ ಹೊತ್ತೇ ಇಲ್ಲ. ಈ ಆಕ್ಷೇಪವನ್ನು ನಾನು ಗಂಭೀರವಾಗಿಯೇ ಮಾಡುತ್ತಿದ್ದೇನೆ. ಅದಕ್ಕೆ ರೈಲೇ ಅರ್ಧ ಉತ್ತರ ಕೊಡುತ್ತದೆ ಎಂಬುದನ್ನೂ ಒಪ್ಪಬೇಕು. ಪ್ಯಾರಿಸಿನಿಂದ ಜ್ಯೂರಿಕ್ಕಿಗೆ ಸುಮಾರು ನಾಲ್ಕು ತಾಸು. ಆ ನಾಲ್ಕು ತಾಸು ಮಾಡಲು ಏನೂ ಇಲ್ಲ. ಪಕ್ಕಪಕ್ಕ ಕೂರಬೇಕು, ಅಷ್ಟೆ.

ರೈಲು ಎಂಬುದು ನಮ್ಮ ಕಲ್ಪನೆಗೆ ಎಲ್ಲಿಂದ ಬಂತು? ಯುರೋಪಿನ ಮಧುಚಂದ್ರವನ್ನು ಹಿಂದಿ ಸಿನಿಮಾ 1964ರ 'ಸಂಗಂ'ನಲ್ಲೇ ತೋರಿಸಿತ್ತು. ಕನ್ನಡದಲ್ಲಿ ನಾಗತಿಹಳ್ಳಿ ಚಂದ್ರಶೇಖರ್ 2003ರಲ್ಲಿ 'ಪ್ಯಾರಿಸ್ ಪ್ರಣಯ' ಮಾಡಿದರು. ಆದರೆ ಯುರೇಲ್ ಎಂಬ ಹೆಸರನ್ನು ಮನೆಮನೆಗೆ ತಂದದ್ದು 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೆಂಗೆ'. ಅದರಲ್ಲಿ ಹುಡುಗಿ ಹೋಗುವುದು ಮಧುಚಂದ್ರಕ್ಕಲ್ಲ ಎಂಬುದನ್ನು ನಾವು ಮರೆತಿದ್ದೇವೆ. ನೋಡದ ಹುಡುಗನೊಡನೆ ಮದುವೆ ನಿಶ್ಚಯವಾದ ಮೇಲೆ, ಅದಕ್ಕೆ ಮುಂಚೆ ತನ್ನದೇ ಆದ ಒಂದು ತಿಂಗಳನ್ನು ಅವಳು ಅಪ್ಪನಲ್ಲಿ ಬೇಡುತ್ತಾಳೆ. ರೈಲು ಮದುವೆಯಿಂದ ಸಿಕ್ಕ ರಜೆ. ಈಗಿನ ಜೋಡಿಗಳು ಆ ರಜೆಯನ್ನು ಮದುವೆಯ ಆಚೆಯಿಂದ ಈಚೆಗೆ ತಂದಿದ್ದಾರೆ. ನನ್ನೆದುರಿಗಿರುವ ಹಾಳೆಯಲ್ಲಿ ಪ್ಯಾಕೇಜ್ ಬೇಡ, ರೈಲೇ ಆಗಲಿ ಎಂದು ಪಟ್ಟು ಹಿಡಿದದ್ದು ಹುಡುಗಿ. ಅವಳ ಷರಾ: 'ಬಸ್ಸಿನಲ್ಲಿ ಮೂವತ್ತೈದು ಜನ ನೆಂಟರ ಹಾಗೇ ಇರುತ್ತಾರೆ.' ವಾರಗಟ್ಟಲೆ ಮದುವೆಮನೆಯ ಜನಜಂಗುಳಿ ಕಂಡವರಿಗೆ ಇದು ಅರ್ಥವಾಗುತ್ತದೆ. ನೇಮಿಚಂದ್ರರ 'ಒಂದು ಕನಸಿನ ಪಯಣ' ನಮ್ಮ ಯುರೋಪ್ ಕಥನಗಳಲ್ಲಿ ನನಗೆ ಇಷ್ಟವಾಗುವುದೂ ಇದಕ್ಕೇ. ಮಾರ್ಗದರ್ಶಿಯ ಬಾವುಟದ ಹಿಂದೆ ನಡೆಯದೆ, ಎಲ್ಲಿ ಇಳಿಯಬೇಕೆಂದು ತಾನೇ ತೀರ್ಮಾನಿಸುವ ಹೆಣ್ಣಿನ ಯುರೋಪ್ ಅಲ್ಲಿದೆ. ಈ ಎಕ್ಸೆಲ್ ಹಾಳೆಯ ಹಿರಿಯಕ್ಕ ಆ ಪುಸ್ತಕ.

ಹಾಗಾಗಿ 'ಕೂಸಿಗೆ ಯುರೋಪೇ ಬೇಕಡ' ಎಂದು ಪಂಕ್ತಿಯಲ್ಲಿ ನಗುವುದನ್ನು ಕೇಳಿದಾಗ ನನಗೆ ಕಿರಿಕಿರಿಯಾಗುತ್ತದೆ. ಆ ನಗುವಿನ ಹಿಂದೆ ನಿಜವಾದ ನೋವಿದೆ, ಅಲ್ಲಗಳೆಯುವುದಿಲ್ಲ. ಈ ಮೂರೂ ತಾಲ್ಲೂಕುಗಳಲ್ಲಿ ತೋಟ ನೋಡಿಕೊಂಡಿರುವ ಮಾಣಿಗಳಿಗೆ ಮದುವೆಯಾಗುವುದೇ ಕಷ್ಟವಾಗಿದೆ. ಒಳ್ಳೆಯ ರಾಶಿ ಅಡಿಕೆ, ಚಾಲಿ, ಕಾಳುಮೆಣಸು, ದೊಡ್ಡ ಮನೆ ಎಲ್ಲ ಇದ್ದೂ ಮೂವತ್ತೈದು ದಾಟಿದವರು ಪ್ರತಿ ಊರಿನಲ್ಲಿದ್ದಾರೆ. ದೂರದ ರಾಜ್ಯಗಳಿಂದ ಹೆಣ್ಣು ತಂದವರೂ ಇದ್ದಾರೆ. ಅವರ ಕಣ್ಣಿಗೆ ಯುರೋಪಿನ ಮಧುಚಂದ್ರ ಎಂದರೆ ತಮ್ಮನ್ನು ಕೂರಿಸಲೇ ಇಲ್ಲದ ಪರೀಕ್ಷೆ. ಆದರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆದದ್ದು ಹುಡುಗಿಯರು ಎನ್ನುವುದು ಸುಳ್ಳು. ಹುಡುಗಿ ತೋಟದ ಮನೆ ಬೇಡವೆಂದಾಗ ಅವಳ ತಕರಾರು ಆಲ್ಪ್ಸ್ ಇಲ್ಲವೆಂದಲ್ಲ. ಕೊಟ್ಟಿಗೆ, ಅಡುಗೆಮನೆ, ಅತ್ತೆಮನೆಯ ಕಟ್ಟುಪಾಡುಗಳಿಂದ ಹೊರಗೆ ತನ್ನದೇ ದುಡ್ಡು, ತನ್ನದೇ ಸಮಯ ಇಲ್ಲವೆಂದು. ಇದನ್ನು ಅವರವರ ಅಕ್ಕತಂಗಿಯರನ್ನು ಕೇಳಿದರೂ ತಿಳಿಯುತ್ತದೆ.

ಇನ್ನು ರೈಲು. ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ಇವತ್ತಿಗೂ ರೈಲು ಬಂದಿಲ್ಲ. ಶಿರಸಿಯವರು ಹಾವೇರಿಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಕುಮಟೆಯಲ್ಲಿ ಕೊಂಕಣ ರೈಲ್ವೆ ಹಿಡಿಯಬೇಕು. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದ ಕಡತದಲ್ಲಿದೆ. ಕಾಡಿನ ಪ್ರಶ್ನೆ, ನ್ಯಾಯಾಲಯ, ಮತ್ತೆ ಕಾಡಿನ ಪ್ರಶ್ನೆ. ಆ ಕಾಡಿನ ಪ್ರಶ್ನೆ ಹುಸಿಯಲ್ಲ ಎಂದೇ ನನ್ನ ನಂಬಿಕೆ. ಸಿದ್ದಾಪುರದವರಿಗೆ ಹತ್ತಿರದ್ದು ತಾಳಗುಪ್ಪ, ಸುಮಾರು ಹದಿನೈದು ಕಿಲೋಮೀಟರು. ಶಿವಮೊಗ್ಗದಿಂದ ಬಂದ ಹಳಿ ಅಲ್ಲಿಗೆ ಮುಗಿಯುತ್ತದೆ. ಹಳಿ ಹಾಕಿದ ಕಾಲದಲ್ಲಿ ತಾಳಗುಪ್ಪ ಮೈಸೂರು ಸಂಸ್ಥಾನದ ಅಂಚು. ಅದರಾಚೆಗಿನ ಸಿದ್ದಾಪುರ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ. 1956ರ ನವೆಂಬರ್ 1ಕ್ಕೆ ಆ ಗಡಿ ಅಳಿಸಿಹೋಯಿತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹಳಿ ಮಾತ್ರ ಮುಂದೆ ಹೋಗಲಿಲ್ಲ. ಇಲ್ಲಿಂದ ಹೋದವರು ರೈಲಿನಲ್ಲಿ ಕೂತು ದೇಶದಿಂದ ದೇಶಕ್ಕೆ ಗಡಿ ಗೊತ್ತಾಗದ ಹಾಗೆ ದಾಟುತ್ತಾರೆ. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಸಣ್ಣ ಊರಿನ ಬಳಿ, ಮೊಸೆಲ್ ನದಿಯ ದೋಣಿಯೊಂದರಲ್ಲಿ 1985ರ ಜೂನ್ 14ರಂದು ಸಹಿಯಾದ ಒಪ್ಪಂದದ ಫಲ ಅದು. ನಮ್ಮಲ್ಲಿ ಗಡಿ ಹೋಗಿ ರೈಲು ಉಳಿಯಿತು. ಅಲ್ಲಿ ರೈಲು ಇದ್ದೇ ಇತ್ತು, ಗಡಿ ಹೋಯಿತು.

ಯುರೇಲ್ ಪಾಸ್ 1959ರಲ್ಲಿ 13 ದೇಶಗಳಿಗೆ ಶುರುವಾದದ್ದು, ಈಗ 33 ದೇಶಗಳಲ್ಲಿ ನಡೆಯುತ್ತದೆ. 27 ದಾಟದವರಿಗೆ ರಿಯಾಯಿತಿ ಇದೆ. ಈ ಜೋಡಿಯಲ್ಲಿ ಅವಳಿಗೆ ಸಿಕ್ಕಿತು, ಅವನಿಗಿಲ್ಲ. ಪಾಸಿದ್ದರೆ ಸಾಲದು, ಫ್ರಾನ್ಸಿನ ವೇಗದ ರೈಲಿಗೂ ರಾತ್ರಿಯ ರೈಲಿಗೂ ಸೀಟು ಕಾದಿರಿಸುವ ಹಣ ಬೇರೆ. ಇಂಥ ವಿವರಗಳಲ್ಲಿ ಹಾಳೆ ಅಚ್ಚುಕಟ್ಟಾಗಿದೆ. ಸೋಲುವುದು ಆಲ್ಪ್ಸ್ ದಾಟುವಲ್ಲಿ. ಜ್ಯೂರಿಕ್–ಮಿಲಾನ್ ರೈಲು 2016ರಲ್ಲಿ ತೆರೆದ 57 ಕಿಲೋಮೀಟರಿನ ಗೊಟ್ಟಾರ್ಡ್ ತಳ ಸುರಂಗದಲ್ಲಿ ಹಾಯುತ್ತದೆ. ಪರ್ವತ ನೋಡಲೆಂದು ಹೋದವರು ಪರ್ವತದ ಅಡಿಯ ಕತ್ತಲಲ್ಲಿ ಇಪ್ಪತ್ತು ನಿಮಿಷ ಕೂತು ಆಚೆ ಏಳುತ್ತಾರೆ. ಅದರ ಮೇಲೆಯೇ 1882ರ ಹಳೆಯ ಮಾರ್ಗ ಇನ್ನೂ ಇದೆ. ವಾಸೆನ್ ಎಂಬ ಊರಿನಲ್ಲಿ ಹಳಿ ಬೆಟ್ಟದೊಳಗೆ ಸುತ್ತಿ ಸುತ್ತಿ ಏರುತ್ತದೆ. ಅಲ್ಲಿನ ಪುಟ್ಟ ಚರ್ಚು ಕಿಟಕಿಯಲ್ಲಿ ಮೂರು ಸಲ ಕಾಣುತ್ತದೆ, ಒಮ್ಮೆ ಮೇಲೆ, ಒಮ್ಮೆ ಸಮಕ್ಕೆ, ಒಮ್ಮೆ ಕೆಳಗೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಿಂದ ಒಂದೇ ಕಣಿವೆಯನ್ನು ಮತ್ತೆ ಮತ್ತೆ ನೋಡುತ್ತ ಬೆಳೆದವರಿಗೆ ಇದಕ್ಕಿಂತ ಆಪ್ತವಾದ ಯುರೋಪ್ ಸಿಗಲಾರದು. ಹಾಳೆಯ ಷರಾದಲ್ಲಿ ಅವನ ಬಣ್ಣದಲ್ಲಿ ಬರೆದದ್ದು: 'ಸುರಂಗ, ಒಂದು ತಾಸಿನಷ್ಟು ಉಳಿತಾಯ.' ಉಳಿಸಿದ ಆ ತಾಸು ಮಿಲಾನಿನ ಅಂಗಡಿಬೀದಿಗೆ ಹೋಗಿದೆ.

ಅದರ ಕೆಳಗೆ ಅವಳ ಬಣ್ಣದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಉತ್ತರವಿಲ್ಲ. ಎರಡು ಸಾಲು ಕೆಳಗೆ ವೆನಿಸಿನ ಮೂರನೆಯ ದಿನ. ದಿನಾಂಕ ಇದೆ, ವಸತಿ ಇದೆ, ಖರ್ಚಿನ ಜಾಗದಲ್ಲಿ ಸೊನ್ನೆ. ಉಳಿದ ಕಾಲಮ್ಮುಗಳು ಖಾಲಿ. ಅವನು ಅಲ್ಲಿ ಮುರಾನೊ ದ್ವೀಪವನ್ನು ತುಂಬಿಸಿದ್ದ, ಅವಳು ಅಳಿಸಿದಳು.