ಮಹಾವೀರಾಚಾರ್ಯನ ಶೂನ್ಯವಿಧಿಯೂ ಯಂತ್ರಪರೀಕ್ಷಿತ ಬೀಜಗಣಿತವೂ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವು, ಸಂಖ್ಯೆಯನ್ನು ಶೂನ್ಯದಿಂದ ಗುಣಿಸಿದರೆ ಶೂನ್ಯವೆಂದೂ, ಭಾಗಿಸಿದರೆ ಅದು ಅವಿಕಾರವಾಗಿ ಉಳಿಯುವುದೆಂದೂ ವಿಧಿಸುತ್ತದೆ. ಎರಡನೆಯದನ್ನು ಪ್ರಮಾದವೆಂದು ತಳ್ಳಿದವರುಂಟು. ಹಂಚಿಕೊಳ್ಳುವವರೇ ಇಲ್ಲದಿರುವಾಗ ವಸ್ತುವು ಇದ್ದಂತೆಯೇ ಉಳಿಯುವುದಷ್ಟೆ ಎಂದು ಸಮರ್ಥಿಸಿದವರೂ ಉಂಟು. ಎರಡು ಪಕ್ಷಗಳೂ ವಿಧಿಯನ್ನು ಒಂಟಿಯಾಗಿ ನಿಲ್ಲಿಸಿ ತೀರ್ಪು ಕೊಡುತ್ತವೆ. ಈ ಕ್ರಮವು ನಮಗೆ ಸಮ್ಮತವಲ್ಲ.

‘ಲೀನ್’ ಎಂಬ ಗಣಕಭಾಷೆಯಲ್ಲಿ 2017ರಿಂದ ಬೆಳೆಯುತ್ತಿರುವ ‘ಮ್ಯಾಥ್‌ಲಿಬ್’ ಎಂಬ ಪ್ರಮೇಯಭಂಡಾರವು ಇಲ್ಲಿ ನಮಗೆ ನೆರವಾಗುತ್ತದೆ. ಅದರಲ್ಲಿ ಪ್ರತಿಯೊಂದು ಉಪಪತ್ತಿಯನ್ನೂ ಯಂತ್ರವು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುತ್ತದೆ. ಗೈಲ್ಸ್ ಗಾರ್ಡಮ್ ಎಂಬ ಗಣಿತಜ್ಞರು 2021ರಲ್ಲಿ ಕಪ್ಲಾನ್‌ಸ್ಕಿಯ ಒಂದು ಊಹೆಗೆ ಒಡ್ಡಿದ ಪ್ರತ್ಯುದಾಹರಣೆಯನ್ನು, ಆನಂದ ರಾವ್ ತಾಡಿಪತ್ರಿಯವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿದ್ಧಾರ್ಥ ಗಾಡ್ಗೀಳರೂ ಲೀನ್ ಭಾಷೆಯಲ್ಲಿ ಪರೀಕ್ಷೆಗೊಳಪಡಿಸಿದರು. ಇಂತಹ ದೊಡ್ಡ ಕಾರ್ಯಗಳೆಲ್ಲವೂ ಕ್ಷುಲ್ಲಕವೆಂದು ತೋರುವ ಉಪಪ್ರಮೇಯಗಳನ್ನೇ ಆಧರಿಸಿ ನಿಲ್ಲುತ್ತವೆ.

ಗುಣಾಕಾರದ ಶೂನ್ಯವಿಧಿಯು ಸಾಧಿತವಾದ ಮಾತು: ಶೂನ್ಯಕ್ಕೆ ಶೂನ್ಯವನ್ನು ಕೂಡಿಸಿದರೆ ಶೂನ್ಯವೇ ಆಗುವುದರಿಂದ, ವಿತರಣ ನಿಯಮವನ್ನನುಸರಿಸಿ ಅದು ತಾನಾಗಿ ಫಲಿಸುತ್ತದೆ. ಭಾಗಾಹಾರದ ವಿಧಿಯಾದರೋ ಫಲಿತವಲ್ಲ, ಆಯ್ಕೆ. ಮ್ಯಾಥ್‌ಲಿಬ್ ಅಲ್ಲಿ ಶೂನ್ಯವನ್ನೇ ಉತ್ತರವಾಗಿ ಆಯ್ದುಕೊಂಡಿದೆ!

ಹಾಗಾದರೆ ಎರಡು ಆಯ್ಕೆಗಳೂ ಸಮಾನವೇ? ಅಲ್ಲ. 12ನ್ನು 0 ಮತ್ತು 3ರ ಗುಣಲಬ್ಧದಿಂದ ಭಾಗಿಸಿದರೆ ಮಹಾವೀರನ ಮತದಂತೆ 12 ಬರುತ್ತದೆ. ಮೊದಲು 0ಯಿಂದಲೂ ಬಳಿಕ 3ರಿಂದಲೂ ಭಾಗಿಸಿದರೆ 4 ಬರುತ್ತದೆ. ಭಂಡಾರದ ಸಂಕೇತದಲ್ಲಿ ಎರಡು ಕಡೆಯೂ 0. ಆದುದರಿಂದ ಅಲ್ಲಿ ಈ ನಿಯಮವು ಯಾವ ನಿರ್ಬಂಧವೂ ಇಲ್ಲದೆ ನಿಲ್ಲುತ್ತದೆ. ಆದರೆ ಭಾಗಿಸಿದುದನ್ನು ಅದೇ ಸಂಖ್ಯೆಯಿಂದ ಗುಣಿಸಿದರೆ ಮೂಲಸಂಖ್ಯೆ ದೊರೆಯಬೇಕೆಂಬ ನಿಯಮವು ಭಾಜಕವು ಶೂನ್ಯವಾದಾಗ ಎರಡರಲ್ಲಿಯೂ ಮುರಿಯುತ್ತದೆ.

ಯಂತ್ರವು ಅನುಮಾನದ ಶುದ್ಧಿಗೆ ಹೊಣೆಯೇ ಹೊರತು ವ್ಯಾಖ್ಯೆಯ ಔಚಿತ್ಯಕ್ಕೆ ಅಲ್ಲ. ಮಹಾವೀರನ ವಿಧಿಯ ದೋಷವು ಅದು ಅಸತ್ಯವೆಂಬುದರಲ್ಲಿಲ್ಲ. ನೆರೆಯ ವಿಧಿಗಳೊಡನೆ ಅದು ಹೊಂದಿ ಬಾಳಲಾರದೆಂಬುದರಲ್ಲಿದೆ. ಹಂಚಿಕೆಯ ಲೆಕ್ಕಕ್ಕೆ ಅದು ಒಪ್ಪಬಹುದು, ಬೀಜಗಣಿತಕ್ಕೆ ಒಪ್ಪದು.

1960ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೆನಿಸಿರುವಂತಹ ವಿದ್ಯಾಲಯಗಳ ಗಣಿತ ವಿದ್ಯಾರ್ಥಿಗಳೂ ನಮ್ಮ ಇತಿಹಾಸ ವಿದ್ಯಾರ್ಥಿಗಳೂ ಕೂಡಿ ‘ಗಣಿತಸಾರಸಂಗ್ರಹ’ದ ವಿಧಿಗಳನ್ನು ಒಂದೊಂದಾಗಿ ಹೀಗೆ ಪರೀಕ್ಷಿಸಬೇಕು. ಯಾವುದು ಸಾಧಿತ, ಯಾವುದು ಸಂಕೇತ ಎಂಬ ವಿವೇಕವು ಮೂಡಿದಲ್ಲಿ, ಪ್ರಾಚೀನರ ಕುರುಡು ಸ್ತುತಿಯೂ ಅವಸರದ ನಿಂದೆಯೂ ಒಟ್ಟಿಗೆ ನಿಲ್ಲುವುವು.