ಬೆಲೆ ಇಳಿದ ಮಾತ್ರಕ್ಕೆ ಅಗ್ಗವಾ?

ಆಫೀಸಿನ ಊಟದ ಟೇಬಲ್ಲಿನಲ್ಲಿ ಪದೇ ಪದೇ ಕೇಳುವ ಒಂದು ವಾದವಿದೆ: "ರೀಟ್ ಯುನಿಟ್ ಬೆಲೆ ಬಿದ್ದಿದೆ, ಯೀಲ್ಡ್ ಏರಿದೆ, ಎನ್‌ಎವಿಗಿಂತ ಕಡಿಮೆಗೆ ಸಿಗ್ತಿದೆ, ತಗೊಂಡುಬಿಡು." ಕೇಳೋಕೆ ಪಕ್ಕಾ ಲೆಕ್ಕದ ಮಾತು. ನನ್ನ ತಕರಾರು ಏನಂದ್ರೆ, ಇದರಲ್ಲಿ ಇವತ್ತಿನ ಅಂಕಿ ಬೆಲೆಯೊಂದೇ. ಯೀಲ್ಡ್ ಸಾಮಾನ್ಯವಾಗಿ ಕಳೆದ ವರ್ಷದ ಹಂಚಿಕೆಯಿಂದ ತೆಗೆದದ್ದು. ಎನ್‌ಎವಿ ಅನ್ನೋದು ಮೌಲ್ಯಮಾಪಕರು ಆರು ತಿಂಗಳಿಗೊಮ್ಮೆ ಕೊಡುವ ಅಂದಾಜು.

ಒಂದು ಕಾಲ್ಪನಿಕ ರೀಟ್ ತಗೊಳ್ಳಿ. ಖರ್ಚು ಕಳೆದು ವರ್ಷಕ್ಕೆ 80 ಕೋಟಿ ಬಾಡಿಗೆ. ಮಾರುಕಟ್ಟೆ 8% ಆದಾಯ ಬಯಸಿದರೆ ಕಟ್ಟಡಗಳ ಮೌಲ್ಯ 1,000 ಕೋಟಿ. ಸಾಲ 300 ಕೋಟಿ ಕಳೆಯಿರಿ, ಉಳಿದದ್ದು 700 ಕೋಟಿ. 7 ಕೋಟಿ ಯುನಿಟ್ ಇದ್ದರೆ ತಲಾ 100 ರೂಪಾಯಿ. ಈಗ ಬಡ್ಡಿ ದರ ಏರಿ ಮಾರುಕಟ್ಟೆ 9% ಕೇಳಿತು ಅಂದ್ಕೊಳ್ಳಿ. ಬಾಡಿಗೆ ಒಂದು ಪೈಸೆ ಕಮ್ಮಿಯಾಗದಿದ್ದರೂ ಕಟ್ಟಡಗಳು ಸುಮಾರು 889 ಕೋಟಿಗೆ ಇಳಿದವು. ಸಾಲ ಇಳಿಯಲ್ಲ. ಯುನಿಟ್ಟಿಗೆ ಉಳಿದದ್ದು 84. 80ಕ್ಕೆ ಸಿಕ್ಕಾಗ 20% ರಿಯಾಯಿತಿ ಅನಿಸುತ್ತೆ. ನಿಜಕ್ಕೂ ಸಿಕ್ಕಿದ್ದು 5% ಕೂಡ ಪೂರ್ತಿ ಇಲ್ಲ.

ಹಾಗಂತ ಮಾರುಕಟ್ಟೆ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ದೇಶದ ಮೊದಲ ರೀಟ್ ಎಂಬಸಿ ಆಫೀಸ್ ಪಾರ್ಕ್ಸ್, ನಮ್ಮ ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. 2019ರಲ್ಲಿ ಯುನಿಟ್ಟಿಗೆ 300 ರೂಪಾಯಿಯಂತೆ ಬಂತು. ನಡುವೆ ಏರಿ, 2023ರಲ್ಲಿ ಮತ್ತೆ 300ರ ಆಸುಪಾಸಿಗೆ ಇಳಿಯಿತು. ಆ ಹೊತ್ತಿಗೆ ಅದರ ಮೇಲೆ ಮೂರು ಬೇರೆ ಬೇರೆ ಭಾರಗಳಿದ್ದವು. ಮೇ 2022ರಿಂದ ಫೆಬ್ರವರಿ 2023ರೊಳಗೆ ರೆಪೋ ದರ 4%ರಿಂದ 6.5%ಗೆ ಏರಿತ್ತು. ಎಸ್ಇಝಡ್‌ನಲ್ಲಿ ಹೊಸ ಘಟಕಗಳಿಗಿದ್ದ ಆದಾಯ ತೆರಿಗೆ ವಿನಾಯಿತಿ 2020ರಲ್ಲಿ ಮುಗಿದು, ಅಲ್ಲಿನ ಖಾಲಿ ಮಹಡಿ ತುಂಬೋದು ಕಷ್ಟವಾಗಿತ್ತು. ಅವನ್ನು ಎಸ್ಇಝಡ್‌ನಿಂದ ಬಿಡಿಸಿ ಬೇರೆಯವರಿಗೆ ಕೊಡಲು ನಿಯಮ ಸಡಿಲವಾದದ್ದು ಡಿಸೆಂಬರ್ 2023ರಲ್ಲಿ. ಅದೇ ತಿಂಗಳು ಬ್ಲ್ಯಾಕ್‌ಸ್ಟೋನ್ ತನ್ನ ಪಾಲನ್ನೆಲ್ಲ ಮಾರಿ ಹೊರಟಿತು. ಮೊದಲನೆಯದು ಮೌಲ್ಯವನ್ನೇ ಇಳಿಸುತ್ತೆ. ಎರಡನೆಯದು ಬಾಡಿಗೆಯನ್ನು ತಡೆಯುತ್ತೆ. ಮೂರನೆಯದರಿಂದ ಕಟ್ಟಡಕ್ಕಾಗಲಿ ಬಾಡಿಗೆಗಾಗಲಿ ಏನೂ ಆಗಲ್ಲ. ಅಗ್ಗ ಅನ್ನೋದು ಸಿಕ್ಕರೆ ಇಲ್ಲೇ ಸಿಗಬೇಕು. ಮೂರನ್ನೂ ಸೇರಿಸಿ "ಬಿದ್ದಿದೆ" ಅಂದರೆ ಏನೂ ಹೇಳಿದಂತಾಗಲಿಲ್ಲ.

ನಮ್ಮೂರಲ್ಲಿ ತೋಟ ಕೊಳ್ಳುವವರು ಹೋದ ವರ್ಷದ ರೇಟು ಕೇಳಿ ಸುಮ್ಮನಾಗಲ್ಲ. ಫಸಲು ಬರೋ ಮರ ಎಷ್ಟು, ನೀರು ಹೇಗೆ, ಪಹಣಿಯಲ್ಲಿ ಬ್ಯಾಂಕಿನ ಸಾಲ ಕೂತಿದೆಯಾ ಅಂತ ನೋಡ್ತಾರೆ. ರೀಟಿಗೂ ಇವೇ ಪ್ರಶ್ನೆ: ಎಷ್ಟು ಜಾಗ ತುಂಬಿದೆ, ಮುಂದಿನ ಎರಡು ಮೂರು ವರ್ಷದಲ್ಲಿ ಎಷ್ಟು ಕರಾರು ಮುಗಿಯುತ್ತೆ, ಸಾಲ ಎಷ್ಟು, ತೀರಿಸೋದು ಯಾವಾಗ? ಹಂಚಬಹುದಾದ ನಗದಿನಲ್ಲಿ ಕನಿಷ್ಠ 90% ಹಂಚಲೇಬೇಕು ಅನ್ನೋದು ಸೆಬಿ ನಿಯಮ. ಕೈಯಲ್ಲಿ ಹೆಚ್ಚು ಉಳಿಯಲ್ಲ, ಹಾಗಾಗಿ ಹಳೇ ಸಾಲ ತೀರಿಸೋಕೆ ಹೊಸ ಸಾಲವೇ ಬೇಕಾಗುತ್ತೆ. ಆ ಹೊಸ ಸಾಲದ ಬಡ್ಡಿ ಹೆಚ್ಚಿದ್ದರೆ ನಿಮ್ಮ "ಏರಿದ ಯೀಲ್ಡ್" ಮುಂದಿನ ವರ್ಷ ಇರಲ್ಲ.

ಇನ್ನೊಂದು ಮಾತು, ನಮ್ಮಂಥವರಿಗೆ. ಈ ಕಟ್ಟಡಗಳ ಬಾಡಿಗೆ ಕೊಡೋದು ಹೆಚ್ಚಾಗಿ ನಮಗೆ ಸಂಬಳ ಕೊಡುವಂಥ ಕಂಪನಿಗಳೇ. ಅವು ಕೈ ಬಿಗಿ ಹಿಡಿದರೆ ಕೆಲಸ, ಬಾಡಿಗೆ ಎರಡಕ್ಕೂ ಒಟ್ಟಿಗೇ ಪೆಟ್ಟು. ಎರಡು ತೋಟಕ್ಕೆ ಒಂದೇ ಬೋರ್‌ವೆಲ್ ಇದ್ದ ಹಾಗೆ. ಬೆಲೆ ಎಷ್ಟೇ ಇಳಿದಿದ್ದರೂ, ಎಷ್ಟು ಯುನಿಟ್ ಕೊಳ್ಳಬೇಕು ಅನ್ನೋದನ್ನು ಇದನ್ನೂ ಲೆಕ್ಕಕ್ಕೆ ಹಿಡಿದೇ ತೀರ್ಮಾನಿಸಿ.